ನಾಲ್ಕೂವರೆ ಕಿಲೋ ಹಗುರಾದ ಕಾರು

ಪುಣೆಯ ಕೋಥರೂಡದ ವಿಕಾಸ ಸವಣೂರನ ಕಾರಿಗೆ ಒಂದು ಚಟವಿತ್ತು. ಎಕ್ಸಲರೇಟರನ್ನು ಜೋರಾಗಿ ಒತ್ತಿದರೆ ಅದು ಬಲಕ್ಕೆ ಹೊರಟುಬಿಡುತ್ತಿತ್ತು. ನಮ್ಮ ದೇಶದ ರಸ್ತೆಗಳಲ್ಲಿ ಬಲಕ್ಕೆ ಎಂದರೆ ಎದುರಿನಿಂದ ಬರುವ ಲಾರಿಯ ಕಡೆಗೆ. ಬೇರೆ ಯಾರಾದರೂ ಆಗಿದ್ದರೆ ಹೆದರಿ ಕಾರನ್ನು ಮಾರಿಬಿಡುತ್ತಿದ್ದರು. ವಿಕಾಸ ಮಾತ್ರ ಕರ್ವೆ ರಸ್ತೆಯ ಸೈಬರ್ ಕೆಫೆಯಲ್ಲಿ ಒಂದು ತಾಸು ಕೂತು, ಈ ರೋಗಕ್ಕೆ ಇಂಗ್ಲಿಷಿನಲ್ಲಿ ಟಾರ್ಕ್ ಸ್ಟಿಯರ್ ಎಂಬ ಹೆಸರಿದೆ ಎಂದು ತಿಳಿದುಕೊಂಡು ಬಂದ. ಎಂಜಿನಿನ ಜೋರು ಮುಂದಿನ ಎರಡು ಚಕ್ರಗಳಿಗೆ ಸಮನಾಗಿ ಮುಟ್ಟದೆ ಸ್ಟೀರಿಂಗನ್ನು ಒಂದು ಕಡೆಗೆ ಎಳೆದುಕೊಳ್ಳುವುದು ಅದರ ಅರ್ಥ. ಪರದೇಶದ ಭಾರೀ ವೇಗದ ಕಾರುಗಳಿಗೂ ಅದು ಇರುತ್ತದೆ ಎಂದು ಓದಿದ ಮೇಲಂತೂ ಅವನ ಸಂತೋಷಕ್ಕೆ ಮಿತಿಯೇ ಇಲ್ಲದಾಯಿತು. ಹೌಸಿಂಗ್ ಸೊಸೈಟಿಯ ಹಿರಿಯರು ಬೆಂಚಿನ ಮೇಲೆ ಕೂತು ತಮ್ಮ ಶುಗರ್, ಬಿಪಿಗಳ ಅಂಕಿಗಳನ್ನು ಹೇಳಿಕೊಳ್ಳುವಾಗ ಅವನು ನಡುವೆ ಬಾಯಿ ಹಾಕಿ ತನ್ನ ಕಾರಿನ ಟಾರ್ಕ್ ಸ್ಟಿಯರಿನ ಸುದ್ದಿ ತೆಗೆಯುತ್ತಿದ್ದ.

ಇಷ್ಟಕ್ಕೂ ಅವನ ಉದ್ಯೋಗ ಒಂದು ವಿಮಾ ಕಚೇರಿಯಲ್ಲಿ. ಅಪಘಾತದ ಅರ್ಜಿಗಳನ್ನು ಓದಿ, ಬಹುಪಾಲು ಅರ್ಜಿಗಳ ಕೆಳಗೆ 'ಚಾಲಕನ ಅಜಾಗರೂಕತೆ' ಎಂದು ಷರಾ ಬರೆಯುವುದು ಅವನ ದಿನದ ಕೆಲಸ. ಹತ್ತು ವರ್ಷಗಳಿಂದ ಅದನ್ನೇ ಬರೆದೂ ಬರೆದೂ ಅಜಾಗರೂಕತೆ ಎಂಬುದು ಬೇರೆಯವರಿಗೆ ಮಾತ್ರ ಬರುವ ಜಡ್ಡು ಎಂದು ಅವನಿಗೆ ಖಾತ್ರಿಯಾಗಿತ್ತು.

ಈ ಹುಚ್ಚಿಗೆಲ್ಲ ಮೂಲ ಬೆಳಗಾವಿಯಲ್ಲಿತ್ತು. ಎರಡು ವರ್ಷಗಳ ಹಿಂದೆ, ಕಾರು ಇನ್ನೂ ಕಂಪನಿಯಿಂದ ಬಂದಂತೆಯೇ ಇದ್ದಾಗ, ಹೆಂಡತಿ ಭಾಮಾಳ ತವರಿಗೆ ಹೋಗಿದ್ದರು. ಮನೆಯ ಮುಂದಿನ ಏರಿನಲ್ಲಿ, ಎಸಿ ಹಾಕಿಕೊಂಡು, ಐದು ಜನರನ್ನು ಹೊತ್ತ ಆ ಪುಟ್ಟ ಗಾಡಿ ಏದುಸಿರು ಬಿಟ್ಟಿತು. ಭಾಮಾಳ ತಮ್ಮ ಬಾಳು ಹಿಂದಿನ ಸೀಟಿನಿಂದ, ಭಾವಾರ ಗಾಡಿಗೆ ದಮ್ಮಿನ ಕಾಯಿಲೆ ಇದ್ದಂತಿದೆ, ನಾವು ಇಳಿದು ನೂಕಬೇಕೇ ಎಂದು ಕೇಳಿದ. ಎಲ್ಲರೂ ನಕ್ಕರು. ಭಾಮಾಳೂ ನಕ್ಕಳು. ವಿಕಾಸನೂ ನಕ್ಕಂತೆ ಮಾಡಿದ. ಪುಣೆಗೆ ಮರಳಿದ ಎಂಟೇ ದಿನಕ್ಕೆ ಅವನು ಕುಶಲನ ಗ್ಯಾರೇಜು ಹುಡುಕಿಕೊಂಡು ಹೋದ.

ಕುಶಲ ಕೋಥರೂಡದ ಒಂದು ಗಲ್ಲಿಯಲ್ಲಿ ಕಾರುಗಳನ್ನು 'ರೇಸಿಂಗ್' ಮಾಡಿಕೊಡುತ್ತಿದ್ದ. ಅವನ ಬಾಗಿಲಲ್ಲಿ ಗುಜರಿ ಅಂಗಡಿಯಿಂದ ತಂದ ದೊಡ್ಡದೊಂದು ತಕ್ಕಡಿ ತೂಗುಬಿದ್ದಿರುತ್ತಿತ್ತು. ಗಾಡಿ ಹಗುರಾದಷ್ಟೂ ಓಡುತ್ತದೆ ಎಂಬುದು ಅವನ ಮಂತ್ರ. ಕಾರಿನಿಂದ ಬಿಚ್ಚಿದ ಪ್ರತಿಯೊಂದು ವಸ್ತುವನ್ನೂ ಮಾಲೀಕನ ಕಣ್ಣೆದುರಿಗೇ ತಕ್ಕಡಿಗೆ ಹಾಕಿ ತೂಗಿ, ತೂಕವನ್ನು ಚೀಟಿಯಲ್ಲಿ ಬರೆದುಕೊಡುವುದು ಅವನ ಪದ್ಧತಿ. ಅಪಘಾತದಲ್ಲಿ ಜಜ್ಜಿಹೋದ ದೊಡ್ಡ ಕಾರೊಂದರ ಎಂಜಿನನ್ನು ಅವನು ವಿಕಾಸನ ಪುಟ್ಟ ಕಾರಿನೊಳಗೆ ಇಳಿಸಿದ. ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿದ. ಹೊರಕ್ಕೆ ಚಾಚಿಕೊಂಡ ಅಗಲ ಚಕ್ರಗಳನ್ನು ಹಾಕಿದ. ಆಮೇಲೆ ಇಳಿಕೆಯ ಕೆಲಸ ಶುರುವಾಯಿತು. ಸ್ಟೆಪ್ನಿ ಹೋಯಿತು, ಹೀಟರ್ ಹೋಯಿತು, ಹಿಂದಿನ ಸೀಟಿನ ಅರ್ಧ ಫೋಮು ಹೋಯಿತು. ಒಟ್ಟು ಮೂವತ್ತೊಂದು ಕಿಲೋ ಎಂದು ಕುಶಲ ಸಾರಿದಾಗ ವಿಕಾಸನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ವಿಕಾಸನ ತೂಕ ಆಗ ತೊಂಬತ್ತೆರಡು ಕಿಲೋ ಇತ್ತು. ಅವನನ್ನು ತಕ್ಕಡಿಯಲ್ಲಿ ಕೂರಿಸುವ ಯೋಚನೆ ಇಬ್ಬರಿಗೂ ಹೊಳೆಯಲಿಲ್ಲ.

ಗಾಡಿ ಓಡಿತು, ಸುಳ್ಳಲ್ಲ. ಆದರೆ ಬಲಕ್ಕೆ ಓಡಿತು. ವಿಕಾಸ ಅದನ್ನು ಸದಾನಂದನ ಅಂಗಡಿಗೆ ಒಯ್ದ. ಅಲ್ಲಿ ಚಕ್ರಗಳ ನೇರ ನೋಡುವ ಕಂಪ್ಯೂಟರು ಹೊಸದಾಗಿ ಬಂದಿತ್ತು. ಕೆಂಪಗಿದ್ದ ಅಂಕಿಗಳು ಹಸಿರಾದವು, ಒಂದು ಹಾಳೆ ಅಚ್ಚಾಗಿ ಬಂತು, ಗಾಡಿ ಮೊದಲಿನಂತೆ ಬಲಕ್ಕೇ ಎಳೆಯಿತು. ಎರಡನೆಯ ಸಲವೂ ಹಾಗೇ ಆಯಿತು, ಮೂರನೆಯ ಸಲವೂ. ನಾಲ್ಕನೆಯ ಸಲ ವಿಕಾಸ ತನ್ನ ಬುದ್ಧಿ ಓಡಿಸಿದ. ಗಾಡಿ ಬಲಕ್ಕೆ ಎಳೆಯುತ್ತದಾದರೆ ಚಕ್ರಗಳನ್ನೇ ಕೊಂಚ ಎಡಕ್ಕೆ ಕೂರಿಸಿಬಿಡು ಎಂದ. ಸದಾನಂದ ಬೇಡವೆಂದ; ಇವನು ಕೇಳಲಿಲ್ಲ. ಅಂದಿನಿಂದ ಕಾಲು ಒತ್ತಿದರೆ ಲಾರಿಯ ಕಡೆಗೂ, ಕಾಲು ತೆಗೆದರೆ ಗಟಾರದ ಕಡೆಗೂ ಹೋಗುವ ಗಾಡಿ ಅವನದಾಯಿತು. ಕಾಲು ಒತ್ತಿದಾಗಲೆಲ್ಲ ಸ್ಟೀರಿಂಗನ್ನು ಎಡಕ್ಕೆ ಜಗ್ಗಿ ಹಿಡಿಯುತ್ತ ಎಂಟು ತಿಂಗಳು ಓಡಿಸಿದ. ತೋಳು ನೋಯುತ್ತಿತ್ತು. ರಾತ್ರಿ ಮುಲಾಮು ಹಚ್ಚಿಕೊಳ್ಳುತ್ತ, ಇದು ಎಲ್ಲರ ಕೈಗೂ ಬಗ್ಗುವ ಗಾಡಿ ಅಲ್ಲ ಎಂದು ಹೆಂಡತಿಗೆ ಹೇಳುತ್ತಿದ್ದ. ಭಾಮಾ ಮದುವೆಗೆ ಮೊದಲೇ ಅಪ್ಪನ ಜೀಪಿನಲ್ಲಿ ಕಲಿತು ಲೈಸೆನ್ಸು ತೆಗೆದವಳು. ಆದರೂ ಆ ಕಾರಿನ ಕೀಲಿ ಅವಳ ಕೈಗೆ ಒಮ್ಮೆಯೂ ಬಂದಿರಲಿಲ್ಲ. ಅವಳು ಸ್ಕೂಟರಿನ ಮೇಲೆ ಶಾಲೆಗೆ ಹೋಗಿ ಭೂಗೋಳ ಪಾಠ ಮಾಡಿ ಬರುತ್ತಿದ್ದಳು.

ಎರಡು ಸಾವಿರದ ಮೂರರ ಏಪ್ರಿಲಿನ ಒಂದು ಭಾನುವಾರ ಪುಣೆಯ ಅಂಚಿನ ಚಾಂದನಿ ಚೌಕದ ಏರಿನಲ್ಲಿ ಈ ಆಟಕ್ಕೆ ತೆರೆ ಬಿತ್ತು. ಮುಂದೆ ಒಂದು ಎಸ್‌ಟಿ ಬಸ್ಸು ತೆವಳುತ್ತಿತ್ತು. ವಿಕಾಸ ಸೆಕೆಂಡ್ ಗೇರಿಗೆ ಹಾಕಿ ಪೂರ್ತಿ ಒತ್ತಿದ. ಸ್ಟೀರಿಂಗು ಅವನ ಕೈಯಿಂದ ಕಿತ್ತುಕೊಂಡು ಬಲಕ್ಕೆ ಹೊರಳಿತು. ಎದುರಿಗೆ ಹಾಲಿನ ಟೆಂಪೋ. ಅದರ ಡ್ರೈವರು ಮಣ್ಣಿನ ಬದಿಗೆ ಇಳಿಸಿದ್ದರಿಂದ ಎಲ್ಲರೂ ಉಳಿದರು. ಇಳಿದು ಬಂದ ಅವನು ಮರಾಠಿಯಲ್ಲಿ ವಿಕಾಸನ ವಂಶದ ವಿಚಾರಣೆ ಮಾಡಿದ. ವಿಕಾಸ ಅವನಿಗೂ ಟಾರ್ಕ್ ಸ್ಟಿಯರ್ ಎಂದರೇನು ಎಂದು ವಿವರಿಸಲು ಹೋದ. ಹಿಂದಿನ ಸೀಟಿನಲ್ಲಿದ್ದ ಎಂಟು ವರ್ಷದ ಮಗಳು ಮುಕ್ತಾ ಮನೆ ಮುಟ್ಟುವ ತನಕ ಬಾಗಿಲ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

ಮನೆಗೆ ಬಂದು ಚಪ್ಪಲಿ ಬಿಡುತ್ತ ಭಾಮಾ ಹೇಳಿದಳು: "ಇದು ನೆಟ್ಟಗ ಹೋಗೂತನಕಾ ನಾನೂ ಇದರಾಗ ಕೂಡೂದಿಲ್ಲ, ಮುಕ್ತಾನೂ ಕೂಡೂದಿಲ್ಲ. ಬಾಳೂನ ಲಗ್ನಕ್ಕ ನಾವಿಬ್ಬರೂ ಕಾತ್ರಜಕ್ಕ ಹೋಗಿ ಬಸ್ ಹತ್ತತೀವಿ. ನೀವು ನಿಮ್ಮ ಗಾಡಿ ತಗೊಂಡು ಬರ್ರಿ."

ಬಾಳುವಿನ ಮದುವೆಗೆ ಉಳಿದದ್ದು ಮೂರೇ ವಾರ. ಎರಡು ವರ್ಷ ವಿಕಾಸ ಕಣ್ಣ ಮುಂದೆ ಕಟ್ಟಿಕೊಂಡಿದ್ದ ಚಿತ್ರ ಒಂದೇ: ಅದೇ ಬೆಳಗಾವಿಯ ಏರು, ಹೆಂಡತಿ ಮಗಳ ಸಮೇತ ತಾನು ಗುಡುಗುತ್ತ ಏರುವುದು, ಬಾಳು ಬಾಯಿ ತೆರೆದು ನಿಲ್ಲುವುದು. ಈಗ ಹೆಂಡತಿ ಮಗಳು ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ಬಂದು ಇಳಿಯುವರು, ಹಿಂದೆ ತಾನೊಬ್ಬನೇ ಖಾಲಿ ಗಾಡಿ ತರುವನು. ಯಾಕೆ ಭಾವಾರ ಎಂದು ಬಾಳು ಕೇಳುವನು. ಆ ಪ್ರಶ್ನೆ ನೆನೆದೇ ಅವನಿಗೆ ಊಟ ಸೇರದಾಯಿತು. ಮಗಳು ಹಿಡಿಕೆ ಹಿಡಿದು ಕೂತದ್ದು ನೆನಪಾಗಿ ಊಟ ಸೇರದಿದ್ದರೆ ಚೆನ್ನಾಗಿತ್ತು, ಆದರೆ ಹಾಗೆ ಬರೆದರೆ ಸುಳ್ಳಾದೀತು.

ಅವನು ಮತ್ತೆ ಸದಾನಂದನ ಅಂಗಡಿಗೇ ಓಡಿದ. ಇವನ ಸಹವಾಸ ಸಾಕಪ್ಪಾ ಸಾಕು ಎನ್ನುವಂತಾಗಿದ್ದ ಸದಾನಂದ ಐದನೆಯ ಹಾಳೆ ತೆಗೆಯಲು ಒಪ್ಪದೆ, ಚಿಂಚವಾಡದಲ್ಲಿ ರೈಲು ಹಳಿಯ ಆಚೆ ಶಂಕ್ರೆಪ್ಪ ಎಂಬ ನಿಮ್ಮ ಕಡೆಯವನೊಬ್ಬನಿದ್ದಾನೆ, ಅಲ್ಲಿಗೆ ಹೋಗಿ ಎಂದು ಸಾಗಹಾಕಿದ.

ಶಂಕ್ರೆಪ್ಪ ಹುಮನಾಬಾದ ಕಡೆಯವನು. ತಂದೆತಾಯಿ ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಬಂದವರು. ಅವನು ಮಾತ್ರ ಒಂದು ವಾಹನ ಕಾರ್ಖಾನೆ ಸೇರಿ, ಹದಿನಾಲ್ಕು ವರ್ಷ ಎಂಜಿನಿನಿಂದ ಚಕ್ರಕ್ಕೆ ಹೋಗುವ ಶಾಫ್ಟುಗಳನ್ನು ಕೂಡಿಸಿ, ಕಾರ್ಖಾನೆಯವರು ಜನರನ್ನು ಕಡಿಮೆ ಮಾಡಿದಾಗ ಹೊರಬಂದು ಸ್ವಂತ ಗ್ಯಾರೇಜು ಹಾಕಿದ್ದ. ಕಂಪ್ಯೂಟರ್ ಇರಲಿಲ್ಲ. ನೆಲದಲ್ಲಿ ಒಂದು ಗುಂಡಿ, ಗೋಡೆಯ ಮೇಲೆ ನಟ್ಟು ಬೋಲ್ಟು ಬಿಚ್ಚುವ ಪಾನಾಗಳು, ಅಷ್ಟೇ. ವಿಕಾಸ ಮೂಗು ಮುರಿದ. ಮುರಿದ ಮೂಗಿನಲ್ಲೇ ಕಾಲು ತಾಸು ಟಾರ್ಕ್ ಸ್ಟಿಯರಿನ ಮೇಲೆ ಪ್ರವಚನ ಕೊಟ್ಟ. ಶಂಕ್ರೆಪ್ಪ ಚಹಾ ಕುಡಿಯುತ್ತ ಪೂರ್ತಿ ಕೇಳಿದ. ಕೊನೆಗೆ, ಯಾವ ಕಡೆ ಎಳೆಯುತ್ತದೆ ಎಂದಷ್ಟೇ ಕೇಳಿದ.

ಮೊದಲು ಅವನು ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ ಓಡಿಸಿ ನೋಡಿದ. ಟಯರಿನ ತಪ್ಪಾಗಿದ್ದರೆ ಎಳೆತ ಎಡಕ್ಕೆ ತಿರುಗಬೇಕು. ತಿರುಗಲಿಲ್ಲ. ಆಮೇಲೆ ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆಸಿ, ವಿಕಾಸನಿಗೆ ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಬಿಡಲು ಹೇಳಿದ. ಎಂಜಿನು ಕೂತಲ್ಲಿಂದ ಎದ್ದು ಹಿಂದಕ್ಕೆ ವಾಲಿತು. ಅದನ್ನು ಹಿಡಿದು ಕೂರಿಸುವ ರಬ್ಬರಿನ ಮೆತ್ತೆ ಹರಿದುಹೋಗಿತ್ತು. ಹೊಸದನ್ನು ಹಾಕಿದ ಮೇಲೆ ಎಳೆತ ಕೊಂಚ ತಗ್ಗಿತು. ವಿಕಾಸ ಆಗಲೇ ಮನೆಗೆ ಫೋನು ಮಾಡಲು ಎದ್ದಿದ್ದ. ಶಂಕ್ರೆಪ್ಪ ಅವನನ್ನು ತಡೆದು, ಕೈಗೆ ಬ್ಯಾಟರಿ ದೀಪ ಕೊಟ್ಟು ಗುಂಡಿಗೆ ಇಳಿಸಿದ. ತೊಂಬತ್ತೆರಡು ಕಿಲೋ ಗುಂಡಿಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಕೆಳಗಿನಿಂದ ನೋಡಿದರೆ ಮಗುವಿಗೂ ತಿಳಿಯುವಂತಿತ್ತು. ಗೇರ್ ಪೆಟ್ಟಿಗೆ ಎಡಕ್ಕಿದೆ. ಅಲ್ಲಿಂದ ಎಡ ಚಕ್ರಕ್ಕೆ ಹೋಗುವ ಶಾಫ್ಟು ಮೊಳದುದ್ದ, ಬಲ ಚಕ್ರಕ್ಕೆ ಹೋಗುವುದು ಅದರ ಎರಡರಷ್ಟು ಉದ್ದ. ಗಾಡಿಯನ್ನು ತಗ್ಗಿಸಿದ್ದರಿಂದ ಗಿಡ್ಡ ಶಾಫ್ಟು ಮೇಲಕ್ಕೆ ತಲೆಯೆತ್ತಿ ನಿಂತಿತ್ತು, ಉದ್ದದ್ದು ಹೆಚ್ಚುಕಡಿಮೆ ಮಲಗಿತ್ತು. ಒಬ್ಬ ಗಿಡ್ಡ, ಒಬ್ಬ ಉದ್ದ ಇಬ್ಬರೂ ಸೇರಿ ಒಂದು ಮಂಚ ಹೊತ್ತು ಓಡಿದರೆ ಮಂಚ ನೆಟ್ಟಗೆ ಹೋಗುವುದೇ ಎಂದು ಶಂಕ್ರೆಪ್ಪ ಕೇಳಿದ. ಚಕ್ರಗಳು ಹೊರಕ್ಕೆ ಚಾಚಿರುವುದರಿಂದ ಆ ಎಳೆತ ಸ್ಟೀರಿಂಗಿಗೆ ಇನ್ನಷ್ಟು ಜೋರಾಗಿ ಮುಟ್ಟುತ್ತದೆ ಎಂದೂ ಹೇಳಿದ. ಆಮೇಲೆ ಬೆಳಕನ್ನು ಎಂಜಿನಿನ ಬೆನ್ನಿಗೆ ಹಿಡಿದ. ಅಲ್ಲಿ ಮೂರು ಬೋಲ್ಟಿನ ತೂತುಗಳು ಖಾಲಿ ಇದ್ದವು.

ಇಲ್ಲಿ ಏನೋ ಇತ್ತಲ್ಲ ಎಂದು ಅವನು ಕೇಳಿದ್ದೇ ತಡ, ವಿಕಾಸ ಗುಂಡಿಯಿಂದ ಹತ್ತಿಬಂದು ತನ್ನ ಪ್ಲಾಸ್ಟಿಕ್ ಫೈಲಿನಿಂದ ಕುಶಲನ ಚೀಟಿ ತೆಗೆದು ಗತ್ತಿನಿಂದ ಓದಿದ: ನಡುವಿನ ತುಂಡು ಶಾಫ್ಟು, ಅದರ ಬೇರಿಂಗು, ಬ್ರ್ಯಾಕೆಟ್ಟು, ಇಳಿಕೆ ನಾಲ್ಕೂವರೆ ಕಿಲೋ. ದೊಡ್ಡ ಕಾರಿನ ಎಂಜಿನಿನ ಜೊತೆ ಬಂದ ಆ ಸಾಮಾನನ್ನು ಕುಶಲ ಹೆಚ್ಚಿನ ಭಾರವೆಂದು ತೆಗೆದು, ಲೇಥಿನಲ್ಲಿ ಒಂದೇ ಉದ್ದನೆಯ ಶಾಫ್ಟು ಮಾಡಿಸಿ ಹಾಕಿದ್ದ. ಎಡಬಲಕ್ಕೆ ಒಂದೇ ಅಳತೆಯ ಶಾಫ್ಟು ಕೂರಲೆಂದೇ ಕಂಪನಿಯವರು ಆ ನಡುವಿನ ತುಂಡನ್ನು ಇಟ್ಟಿದ್ದು.

ಶಂಕ್ರೆಪ್ಪನ ಮುಖ ಕೆಂಪಗಾಯಿತು. "ಹದಿನಾಕು ವರ್ಷ ಇದನ್ನ ಕೂಡಿಸೀನ್ರಿ ಸಾಹೇಬ್ರ ನಾ. ಕಂಪನಿಯವ್ರು ಒಂದು ವಾಶರ್ ಸುದ್ದಾ ಧರ್ಮಕ್ಕ ಹಾಕಂಗಿಲ್ಲ. ನಾಕೂವರೆ ಕಿಲೋ ಕಬ್ಬಿಣ ಸುಮ್ಮ ಸುಮ್ಮ ಹಾಕ್ತಾರೇನ್ರಿ? ಅದಿರಲಿ, ಈ ಹೊಸಾ ಉದ್ದ ಶಾಫ್ಟಿನ ತೂಕ ಎಲ್ಲಿ ಬರದಾರ ತೋರಸ್ರಿ."

ವಿಕಾಸ ಚೀಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ನೋಡಿದ. ಬಿಚ್ಚಿದ್ದರ ತೂಕವೆಲ್ಲ ಅದರಲ್ಲಿತ್ತು. ಹಾಕಿದ್ದರ ತೂಕ ಒಂದೂ ಇರಲಿಲ್ಲ. ದೊಡ್ಡ ಎಂಜಿನಿನ ತೂಕವೂ ಇರಲಿಲ್ಲ.

ಇಬ್ಬರೂ ಶಂಕ್ರೆಪ್ಪನ ಮೋಟರ್‌ಸೈಕಲ್ ಹತ್ತಿ ಕೋಥರೂಡಕ್ಕೆ ಹೋದರು. ಆ ಸಾಮಾನು ಗುಜರಿಗೆ ಹೋಗಿರಬಹುದೆಂಬ ಭಯ ವಿಕಾಸನಿಗಿತ್ತು. ಹೋಗಿರಲಿಲ್ಲ. ಅದು ಕುಶಲನ ತಕ್ಕಡಿಯ ಒಂದು ಪರಡಿಯಲ್ಲೇ ಕೂತಿತ್ತು. ನಾಲ್ಕೂವರೆ ಕಿಲೋದ ತೂಕದ ಕಲ್ಲಾಗಿ ಅವನು ಅದನ್ನೇ ಬಳಸುತ್ತಿದ್ದ, ಮೇಲೆ ಬಿಳಿ ಬಣ್ಣದಲ್ಲಿ ಅಂಕಿ ಬರೆದಿದ್ದ. ಶಂಕ್ರೆಪ್ಪ ಅದನ್ನು ಎತ್ತಿಕೊಂಡಾಗ ಕುಶಲ ಹೌಹಾರಿ ಎದ್ದ. ಇದನ್ನು ಒಯ್ದರೆ ನಾಳೆ ಬರುವ ಗಿರಾಕಿಯ ಸಾಮಾನನ್ನು ಯಾತರಿಂದ ತೂಗಲಿ ಎಂದು ಕೇಳಿದ. ಶಂಕ್ರೆಪ್ಪ ವಿಕಾಸನನ್ನು ಒಮ್ಮೆ ನೋಡಿದ, ತಕ್ಕಡಿಯನ್ನು ಒಮ್ಮೆ ನೋಡಿದ, ಮೋಟರ್‌ಸೈಕಲ್ ಶುರು ಮಾಡಿದ.

ಬೇರಿಂಗು ಹೊಸದು ಬಂತು. ನಡುವಿನ ಶಾಫ್ಟು ತನ್ನ ಮೂರು ಬೋಲ್ಟುಗಳ ಮೇಲೆ ಕೂತಿತು. ಉದ್ದ ಶಾಫ್ಟು ಹೊರಗೆ ಬಿದ್ದು, ಎಡದ್ದರ ಅಳತೆಯದೇ ಬಲಕ್ಕೂ ಬಂತು. ಗಾಡಿಯನ್ನು ಮೊದಲಿನ ಎತ್ತರಕ್ಕೆ ಏರಿಸಿದ್ದಾಯಿತು. ಅಗಲ ಚಕ್ರಗಳನ್ನಾದರೂ ಉಳಿಸಿಕೊಡು ಎಂದು ವಿಕಾಸ ಅಂಗಲಾಚಿದ. ಶಂಕ್ರೆಪ್ಪ ಅವನ್ನು ಬಿಚ್ಚಿ ಬದಿಗೆ ಜೋಡಿಸಿಟ್ಟ. ಸದಾನಂದ ತಾನೇ ಎಡಕ್ಕೆ ತಿರುಚಿದ್ದ ಚಕ್ರಗಳನ್ನು ಮತ್ತೆ ನೇರ ಮಾಡಿಕೊಟ್ಟ. ಎಲ್ಲ ಮುಗಿದಾಗ ಕಾರು ಕಂಪನಿಯಿಂದ ಬಂದ ದಿನದ ಹಾಗೆ ಬಡಪಾಯಿಯಾಗಿ ನಿಂತಿತ್ತು. ವಿಕಾಸನಿಗೆ ಅಳು ಬಂದಂತಾಯಿತು. ಒಳಗಿನ ಎಂಜಿನು ಇದೆಯಲ್ಲ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ.

ಪರೀಕ್ಷೆಗೆ ಗುರುವಾರ ಗೊತ್ತಾಯಿತು. ಚಿಂಚವಾಡದ ಕಾರ್ಖಾನೆಗಳಿಗೆ ರಜೆ ಗುರುವಾರವಾದ್ದರಿಂದ ಗೋಡೆಗಳ ನಡುವಿನ ನೆಟ್ಟನೆಯ ರಸ್ತೆ ಖಾಲಿ ಇರುತ್ತದೆ. ಶುಕ್ರವಾರ ಬೆಳಗಾವಿಗೆ ಹೊರಡಬೇಕು. ಭಾಮಾ ಶಾಲೆ ಮುಗಿಸಿ ಮುಕ್ತಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಳು. ಬಸ್ಸಿನ ಎರಡು ಟಿಕೀಟುಗಳು ಅವಳ ಚೀಲದಲ್ಲೇ ಇದ್ದವು.

ಮೊದಲು ಶಂಕ್ರೆಪ್ಪ ಓಡಿಸಿದ. ಸೆಕೆಂಡ್ ಗೇರು, ಪೂರ್ತಿ ಒತ್ತು, ಸ್ಟೀರಿಂಗಿನ ಮೇಲೆ ಎರಡೇ ಬೆರಳು. ಗಾಡಿ ಗೋಡೆಯ ನೆರಳು ಬಿಡದೆ ನೆಟ್ಟಗೆ ಹೋಗಿ ನೆಟ್ಟಗೆ ಬಂತು. ವಿಕಾಸ ಅಂಗಿಯ ತೋಳು ಮಡಚಿ, ಹೆಂಡತಿ ಮಗಳತ್ತ ಒಮ್ಮೆ ನೋಡಿ, ಒಳಗೆ ಕೂತ. ಒತ್ತಿದ. ಗಾಡಿ ಎಡಕ್ಕೆ ಹಾರಿ, ಗಟಾರದ ದಂಡೆ ಏರಿ, ಒಂದು ಚಕ್ರ ಗಾಳಿಯಲ್ಲಿಟ್ಟು ನಿಂತಿತು.

ಅವನು ಇಳಿದವನೇ, ಈಗ ಎಡಕ್ಕೆ ಎಳೆಯುತ್ತಿದೆ, ಕೆಲಸ ಕೆಡಿಸಿಬಿಟ್ಟಿರಿ ಎಂದು ಕೂಗಾಡಿದ. ಶಂಕ್ರೆಪ್ಪ ಗಾಡಿ ಇಳಿಸಿ ಮತ್ತೆ ಓಡಿಸಿ ತೋರಿಸಿದ; ನೆಟ್ಟಗೆ ಹೋಯಿತು. ವಿಕಾಸ ಮತ್ತೆ ಕೂತ. ಮತ್ತೆ ಗಟಾರದ ದಂಡೆ. ಮೂರನೆಯ ಸಲ ಎಚ್ಚರದಿಂದ ಹಿಡಿದ. ಒತ್ತಿದ ಕ್ಷಣದಲ್ಲಿ ಎಚ್ಚರ ಎಲ್ಲಿಗೋ ಹೋಗಿ ಎರಡೂ ಕೈ ಎಡಕ್ಕೆ ಜಗ್ಗಿದವು. ಇವನು ಇದಕ್ಕೂ ಇಂಗ್ಲಿಷಿನಲ್ಲಿ ಒಂದು ಹೆಸರಿರಬೇಕೆಂದು ಹೇಳತೊಡಗಿದಾಗ ಭಾಮಾ ಸ್ಕೂಟರಿನ ಸ್ಟ್ಯಾಂಡ್ ಹಾಕಿ, ಕೈ ಚಾಚಿ ಕೀಲಿ ಕೇಳಿದಳು.

ಅವಳು ಆ ಕಾರನ್ನು ಓಡಿಸಿದ್ದು ಅದೇ ಮೊದಲು. ಜೀಪು ಕಲಿತವಳ ಹಾಗೆ ಸೀಟು ಮುಂದಕ್ಕೆ ಎಳೆದುಕೊಂಡು, ಗೇರು ಹಾಕಿ, ಪೂರ್ತಿ ಒತ್ತಿದಳು. ಗಾಡಿ ರಸ್ತೆಯ ಕೊನೆಯವರೆಗೆ ನೆಟ್ಟಗೆ ಹೋಯಿತು. ತಿರುಗಿಸಿಕೊಂಡು ಬಂದಾಗ ಅವಳ ಮುಖದಲ್ಲಿ ನಗು ಇತ್ತು. ಎಂಜಿನು ಚೆನ್ನಾಗಿದೆ ಎಂದಳು.

ಶಂಕ್ರೆಪ್ಪ ಕೈ ಒರೆಸಿಕೊಳ್ಳುತ್ತ ಅವಳಿಗೆ ಹೇಳಿದ: "ಗಾಡಿ ನೆಟ್ಟಗ ಅದರೀ ಬಾಯಾರ. ಹಳೇ ಗಾಡಿ ಇನ್ನಾ ಸಾಹೇಬ್ರ ಕೈಯಾಗ ಉಳದಾದ. ಅದನ್ನ ಬಿಚ್ಚಲಾಕ ನನ್ನ ಹತ್ರ ಪಾನಾ ಇಲ್ರಿ."

ಶುಕ್ರವಾರ ನಸುಕಿಗೇ ಹೊರಟರು. ಓಡಿಸಿದವಳು ಭಾಮಾ. ಕಾತ್ರಜ ಘಾಟಿನಲ್ಲಿ ಅವಳು ಲಾರಿಯೊಂದನ್ನು ಹಿಂದಿಕ್ಕುವಾಗ ಪಕ್ಕದಲ್ಲಿ ಕೂತ ವಿಕಾಸನ ಕೈಗಳು ತೊಡೆಯ ಮೇಲೆ ತಾವೇ ಎಡಕ್ಕೆ ತಿರುಗಿದವು. ಅವನು ಅವನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡ. ಸಾತಾರಾ, ಕರಾಡ, ನಿಪ್ಪಾಣಿ ದಾಟಿದವು. ಮುಕ್ತಾ ಹಿಂದೆ ಕಾಲು ಚಾಚಿ ನಿದ್ದೆ ಹೋಗಿದ್ದಳು. ಈ ಕಾರಿನಲ್ಲಿ ಅವಳು ನಿದ್ದೆ ಮಾಡಿದ್ದನ್ನು ವಿಕಾಸ ಹಿಂದೆಂದೂ ನೋಡಿರಲಿಲ್ಲ.

ಬೆಳಗಾವಿ ಐದಾರು ಮೈಲಿ ಇದೆ ಎನ್ನುವಾಗ ಭಾಮಾ ಗಾಡಿಯನ್ನು ಬದಿಗೆ ನಿಲ್ಲಿಸಿದಳು. ಗಂಡನ ಮನಸ್ಸು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅವನ ಮೇಲೆ ಸಿಟ್ಟು ಎಷ್ಟಿತ್ತೋ ಅಷ್ಟೇ ಮರುಕವೂ ಬಂದಿತ್ತು. "ಇನ್ನ ನೀವು ಕೂಡ್ರಿ. ಸಾವಕಾಶ ಹೋಗೋಣು. ಬಾಳು ಬಾಗಲದಾಗ ಕಾಯ್ಕೋತ ನಿಂತಿರತಾನ," ಎಂದಳು.

ವಿಕಾಸ ಚಿಕ್ಕ ಹುಡುಗನಂತೆ ಜಿಗಿದು ಇಳಿದು, ಸುತ್ತಿ ಬಂದು, ಸ್ಟೀರಿಂಗಿನ ಮುಂದೆ ಕೂತ. ಸೀಟು ಹಿಂದಕ್ಕೆ ತಳ್ಳಿದ. ಕನ್ನಡಿ ಸರಿಮಾಡಿದ. ಆ ಕನ್ನಡಿಯಲ್ಲಿ ಮುಕ್ತಾ ಎಚ್ಚರಾದದ್ದು ಕಂಡಿತು. ಅವಳು ಮುಂದೆ ಯಾರು ಕೂತಿದ್ದಾರೆಂದು ನೋಡಿದಳು. ಹಟ ಮಾಡಲಿಲ್ಲ, ಅತ್ತು ರಂಪ ಮಾಡಲಿಲ್ಲ. ಬಾಗಿಲು ತೆರೆದು ಕೆಳಗಿಳಿದು, ತನ್ನ ಚೀಲ ಎಳೆದುಕೊಂಡು, ರಸ್ತೆಯ ಬದಿಯಲ್ಲಿ ಅಮ್ಮನ ಹತ್ತಿರ ಹೋಗಿ ನಿಂತಳು.

ವಿಕಾಸ ಎಂಜಿನು ಆರಿಸಿದ. ಹತ್ತು ವರ್ಷ ಎಷ್ಟೋ ಜನರ ಅರ್ಜಿಗಳ ಕೆಳಗೆ ಅವನು ಬರೆದ ಷರಾ ಯಾರೂ ಹೇಳದೆಯೇ ಅವನಿಗೆ ಕೇಳಿಸಿತು. ನಾಚಿಕೆಯಾಯಿತು, ಬಾಳುವಿನ ನಗೆಗೆ ಹೆದರಿ ಆಗುತ್ತಿದ್ದ ನಾಚಿಕೆ ಇದಾಗಿರಲಿಲ್ಲ. ಇಳಿದು, ಮಗಳ ಚೀಲವನ್ನು ತಾನೇ ಎತ್ತಿ ಒಳಗಿಟ್ಟು, ಎಡಗಡೆಯ ಸೀಟಿಗೆ ಹೋಗಿ ಕೂತ. ಭಾಮಾ ಸೀಟನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು.

ಮನೆಯ ಮುಂದಿನ ಏರನ್ನು ಕಾರು ಒಂದೇ ಉಸಿರಿಗೆ ಏರಿತು. ಬಾಳು ಕೈ ಎತ್ತಿಕೊಂಡು ಓಡಿಬಂದು, ಭಾವನನ್ನು ಇಳಿಸಿಕೊಳ್ಳಲೆಂದು ಬಲಗಡೆಯ ಬಾಗಿಲು ತೆರೆದ. ಅಲ್ಲಿ ಅಕ್ಕ ಕೂತಿದ್ದಳು. ಅವನು ಬಗ್ಗಿ ಆ ಬದಿಯಲ್ಲಿದ್ದ ಭಾವನನ್ನು ನೋಡಿ, ಪುಣೆಯಿಂದ ಇಲ್ಲಿಯ ತನಕ ಯಾರು ಓಡಿಸಿದರು ಎಂದು ಕೇಳಿದ.

"ಭಾಮಾ," ಎಂದ ವಿಕಾಸ.

ಭಾವಾರ ಮಾತಿಗೆ ಯಾವಾಗಲೂ ಒಂದು ಉದ್ದನೆಯ ವಿವರಣೆ ಇರುತ್ತದೆಂದು ಗೊತ್ತಿದ್ದ ಬಾಳು ಬಾಗಿಲು ಹಿಡಿದುಕೊಂಡೇ ಕಾದ. ವಿಕಾಸ ಹಿಂದೆ ತಿರುಗಿ ಮುಕ್ತಾಳ ಚೀಲ ತೆಗೆದುಕೊಳ್ಳುತ್ತಿದ್ದ.